ಹವ್ಯಾಸಿ ಓಟಗಾರನೂ ಮಂಡಿಯ ನೋವೂ

ಬಹುಕಾಲದವರೆಗೆ ನಮ್ಮ ನಾಡಿನಲ್ಲಿ ಓಟವೆಂಬುದು ಶಾಲೆಯ ಮಕ್ಕಳಿಗೂ, ಸೈನ್ಯವನ್ನೋ ಪೊಲೀಸು ದಳವನ್ನೋ ಸೇರಬಯಸುವ ತರುಣರಿಗೂ, ಪಂದ್ಯದ ಕಣಕ್ಕಿಳಿಯುವ ಕ್ರೀಡಾಪಟುಗಳಿಗೂ ಮೀಸಲಾದ ಕಾರ್ಯವೆಂದು ಭಾವಿಸಲ್ಪಟ್ಟಿತ್ತು. ನಡುವಯಸ್ಸಿನ ಗೃಹಸ್ಥನೊಬ್ಬನು ಬಹುಮಾನದ ಆಸೆಯಾಗಲಿ ಬಸ್ಸು ತಪ್ಪುವ ಭಯವಾಗಲಿ ಇಲ್ಲದೆ ಬೆಳಗಿನ ಜಾವದಲ್ಲಿ ಬೀದಿಗಿಳಿದು ಓಡಿದನೆಂದರೆ, ನೋಡಿದವರು ಅವನ ಮನೆಯಲ್ಲಿ ಏನು ಅನಾಹುತವಾಯಿತೋ ಎಂದು ಕಳವಳಪಡುತ್ತಿದ್ದರು. ಆ ಕಾಲ ಕಳೆದಿದೆ. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿಯೂ ಲಾಲ್‌ಬಾಗಿನಲ್ಲಿಯೂ, ಮೈಸೂರಿನ ಕುಕ್ಕರಹಳ್ಳಿ ಕೆರೆಯ ಬಳಸುದಾರಿಯಲ್ಲಿಯೂ ಇಂದು ವಕೀಲರು, ಅಧ್ಯಾಪಕರು, ಗೃಹಿಣಿಯರು, ನಿವೃತ್ತರು ಸಹಜವಾಗಿ ಓಡುತ್ತಾರೆ. 2008ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹತ್ತು ಕಿಲೋಮೀಟರಿನ ಓಟದಂಥ ಕೂಟಗಳಲ್ಲಿ ಗೆಲ್ಲಲೆಂದು ಬರುವವರು ಬೆರಳೆಣಿಕೆಯವರು, ಓಡುವ ಸುಖಕ್ಕಾಗಿ ಬರುವವರು ಸಾವಿರಾರು ಮಂದಿ. ಇಂಥ ಹವ್ಯಾಸಿಗಳು ಎಲ್ಲಿ ಸೇರಿದರೂ ಸ್ವಲ್ಪ ಹೊತ್ತಿನಲ್ಲಿಯೇ ಮಾತು ಮಂಡಿಯ ಕಡೆಗೆ ತಿರುಗುವುದು, ಅದನ್ನು ಕೇಳಿದ ಮನೆಯ ಹಿರಿಯರು "ಹಾಗೆ ಓಡಿದರೆ ಮಂಡಿ ಸವೆಯದೆ ಇರುತ್ತದೆಯೆ?" ಎಂದು ತೀರ್ಪನ್ನು ಕೊಟ್ಟುಬಿಡುವರು. ಈ ನೋವಿನ ಮೂಲವೆಲ್ಲಿ, ಹಿರಿಯರ ತೀರ್ಪು ಎಷ್ಟರಮಟ್ಟಿಗೆ ಸಾಧುವಾದುದು, ಉಪಶಮನಕ್ಕೆಂದು ಹೇಳಲಾಗುವ ನಾನಾ ಉಪಾಯಗಳಲ್ಲಿ ಪರೀಕ್ಷೆಗೆ ನಿಂತವು ಯಾವುವು ಎಂಬ ಮೂರು ಪ್ರಶ್ನೆಗಳನ್ನು ಕ್ರಮವಾಗಿ ವಿಚಾರಿಸುವುದು ಈ ಲೇಖನದ ಉದ್ದೇಶ.

ಮಂಡಿಯ ವೇದನೆ ಹೊಸದೇನೂ ಅಲ್ಲ. ತೊಡೆಯೂ ಜಂಘೆಯೂ ಕೂಡುವ ಜಾನುವನ್ನು ಸುಶ್ರುತನು ಮರ್ಮಸ್ಥಾನಗಳಲ್ಲಿ ಒಂದಾಗಿ ಗಣಿಸಿ, ಅಲ್ಲಿಗೆ ಪೆಟ್ಟಾದರೆ ಕುಂಟುತನವು ಪ್ರಾಪ್ತವಾಗುವುದೆಂದು ಹೇಳಿದ್ದಾನೆ. ನರಿಯ ತಲೆಯ ಆಕಾರಕ್ಕೆ ಊದಿಕೊಂಡ ಮಂಡಿಯನ್ನು ನಮ್ಮ ವೈದ್ಯಗ್ರಂಥಗಳು ಕ್ರೋಷ್ಟುಕಶೀರ್ಷವೆಂದು ಕರೆದಿವೆ. ಆದರೆ ಆರೋಗ್ಯವಂತನಾದವನು ತಾನಾಗಿ ಬಯಸಿ ವಾರಕ್ಕೆ ಮೂರು ನಾಲ್ಕು ದಿನ ಓಡಿ, ಆ ಓಟದಿಂದಲೇ ಮಂಡಿಯನ್ನು ನೋಯಿಸಿಕೊಳ್ಳುವ ಸಮಸ್ಯೆಯು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿದುದು. ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯರ್ಡನು ಸಾಮಾನ್ಯ ನಾಗರಿಕರನ್ನು, ಹೃದ್ರೋಗದಿಂದ ಚೇತರಿಸಿಕೊಂಡವರನ್ನು ಸಹ, ಮೆಲ್ಲೋಟಕ್ಕೆ ಹಚ್ಚಿದುದನ್ನು ಕಣ್ಣಾರೆ ಕಂಡ ಅಮೆರಿಕದ ಆರೆಗನ್ ವಿಶ್ವವಿದ್ಯಾಲಯದ ಬಿಲ್ ಬೊವರ್ಮನ್ನನು ಸ್ವದೇಶಕ್ಕೆ ಮರಳಿ, ಹೃದ್ರೋಗತಜ್ಞ ಹ್ಯಾರಿಸನೊಡನೆ ಕೂಡಿ 1967ರಲ್ಲಿ ಜಾಗಿಂಗ್ ಕುರಿತು ಪುಸ್ತಕವನ್ನು ಬರೆದನು. 1972ರ ಮ್ಯೂನಿಕ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಫ್ರ್ಯಾಂಕ್ ಶಾರ್ಟರನಿಗೆ ಬಂದ ಚಿನ್ನದ ಪದಕವೂ, 1977ರಲ್ಲಿ ಪ್ರಕಟವಾದ ಜೇಮ್ಸ್ ಫಿಕ್ಸನ ಗ್ರಂಥವೂ ಆ ಕಿಡಿಯನ್ನು ಊದಿ ಉರಿಸಿದುವು. ಓಟ ಹಬ್ಬಿದಲ್ಲೆಲ್ಲ ನೋವೂ ಹಬ್ಬಿತು. ಓಟಗಾರರಿಗೆ ಆಗುವ ಗಾಯಗಳಲ್ಲಿ ಮಂಡಿಗೆ ಸಂಬಂಧಪಟ್ಟವೇ ಮೊದಲ ಸ್ಥಾನದಲ್ಲಿರುವುದನ್ನು ಕಂಡ ವೈದ್ಯರು ಆ ಕೀಲನ್ನು ಹೊಸ ಕುತೂಹಲದಿಂದ ಪರೀಕ್ಷಿಸತೊಡಗಿದರು.

ಶರೀರದ ಕೀಲುಗಳಲ್ಲೆಲ್ಲ ದೊಡ್ಡದಾದ ಮಂಡಿಯು ತೊಡೆಯ ಮೂಳೆ, ಕೆಳಗಾಲಿನ ದಪ್ಪ ಮೂಳೆ, ಮುಂದಣ ಚಿಪ್ಪು ಎಂಬ ಮೂರು ಅಸ್ಥಿಗಳ ಸಂಗಮ. ಮೂಳೆಗಳು ಒಂದನ್ನೊಂದು ಮುಟ್ಟುವ ಮುಖಗಳನ್ನು ನುಣುಪಾದ ಮೃದ್ವಸ್ಥಿಯು ಹೊದೆದಿರುತ್ತದೆ. ಮೇಲಣ ಮತ್ತು ಕೆಳಗಣ ಮೂಳೆಗಳ ನಡುವೆ ಮೆನಿಸ್ಕಸ್ ಎಂಬ ಅರ್ಧಚಂದ್ರಾಕೃತಿಯ ಎರಡು ಮೆತ್ತೆಗಳು ಭಾರವನ್ನು ಹರಡುತ್ತವೆ. ನಾಲ್ಕು ಅಸ್ಥಿರಜ್ಜುಗಳು ಕೀಲು ಹಿಂದುಮುಂದಕ್ಕೂ ಪಕ್ಕಕ್ಕೂ ಜಾರದಂತೆ ಬಿಗಿಹಿಡಿದಿವೆ. ತೊಡೆಯ ಮುಂಭಾಗದ ಮಹಾಸ್ನಾಯುವಿನ ರಜ್ಜುವಿನೊಳಗೆ ಹುದುಗಿದ ಚಿಪ್ಪು ಆ ಸ್ನಾಯುವಿನ ಸೆಳೆತಕ್ಕೆ ಸನ್ನೆಯ ಬಲವನ್ನು ಕೂಡಿಸಿಕೊಡುತ್ತದೆ. ಆ ಉಪಕಾರಕ್ಕೆ ಪ್ರತಿಯಾಗಿ ಮಂಡಿ ಬಾಗಿದಷ್ಟೂ ಹೆಚ್ಚಿನ ಒತ್ತಡವನ್ನು ಅದು ತಾಳಬೇಕಾಗುತ್ತದೆ. ನಡೆಯುವಾಗ ಮಂಡಿಯ ಕೀಲಿನ ಮೇಲೆ ದೇಹದ ತೂಕದ ಸುಮಾರು ಮೂರರಷ್ಟು ಬಲ ಬೀಳುವುದಾದರೆ, ಓಡುವಾಗ ಅದು ಏಳೆಂಟರಷ್ಟಕ್ಕೆ ಏರುತ್ತದೆ. ಒಂದು ಕಿಲೋಮೀಟರಿಗೆ ಸಾವಿರದಷ್ಟು ಹೆಜ್ಜೆಗಳನ್ನಿಡುವ ಓಟಗಾರನ ಪ್ರತಿಯೊಂದು ಮಂಡಿಯೂ ಇಂಥ ಹೊರೆಯನ್ನು ನೂರಾರು ಸಲ ಹೊರುತ್ತದೆಂಬುದನ್ನು ನೆನೆದರೆ, ಕೆಲವರ ಮಂಡಿ ನೋಯುವುದಕ್ಕಿಂತಲೂ ಅನೇಕರ ಮಂಡಿ ನೋಯದಿರುವುದೇ ಆಶ್ಚರ್ಯವಾಗಿ ತೋರುವುದು.

ಮಂಡಿನೋವೆಂದು ಒಂದೇ ಹೆಸರಿನಿಂದ ಕರೆಯಲಾಗುವ ವೇದನೆಯೊಳಗೆ ಹಲವು ಜಾತಿಗಳುಂಟು; ಅವನ್ನು ವಿಂಗಡಿಸದೆ ಉಪಾಯವನ್ನು ಹುಡುಕುವುದು ವ್ಯರ್ಥ. ಎಲ್ಲಕ್ಕಿಂತ ಸಾಮಾನ್ಯವಾದುದು, ಓಟಗಾರರ ಮಂಡಿಯೆಂದೇ ಪ್ರಸಿದ್ಧವಾದುದು, ಚಿಪ್ಪಿನ ಹಿಂದೆ ಅಥವಾ ಸುತ್ತ ಹುಟ್ಟುವ ಮಂದವಾದ ನೋವು. ಇಂಥಲ್ಲಿ ಎಂದು ಬೆರಳಿಟ್ಟು ತೋರಿಸಲಾಗದೆ ರೋಗಿಯು ಅಂಗೈಯನ್ನೇ ಮಂಡಿಯ ಮೇಲಿಡುವನು. ಮೆಟ್ಟಿಲಿಳಿಯುವಾಗ, ಬಸ್ಕಿ ಹೊಡೆಯುವಾಗ, ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತಾಗ ಅದು ಹೆಚ್ಚುವುದು. ಸಿನಿಮಾ ಮುಗಿಯುವವರೆಗೆ ಮಂಡಿ ಮಡಿಸಿ ಕುಳಿತು ಎದ್ದಾಗಲೂ ಕಾಣಿಸಿಕೊಳ್ಳುವುದು. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಹೆಚ್ಚು. ಎರಡನೆಯದು ಮಂಡಿಯ ಹೊರಪಕ್ಕದ ನೋವು. ಸೊಂಟದ ಪಕ್ಕದಿಂದ ತೊಡೆಯ ಹೊರಗಡೆಯಲ್ಲಿ ಇಳಿದುಬರುವ ಇಲಿಯೋಟಿಬಿಯಲ್ ಎಂಬ ಉದ್ದನೆಯ ಪಟ್ಟಿಯು ಮಂಡಿಯ ಬಳಿ ಮೂಳೆಯ ಉಬ್ಬನ್ನು ಒತ್ತುವುದರಿಂದ ಇದು ಉಂಟಾಗುತ್ತದೆ. 1975ರಲ್ಲಿ ಅಮೆರಿಕದ ನೌಕಾಸೈನಿಕರಲ್ಲಿ ಇದನ್ನು ವಿವರಿಸಿದ ರೆನ್ನೆಯು ಪಟ್ಟಿ ಮೂಳೆಗೆ ಉಜ್ಜುವುದೇ ಕಾರಣವೆಂದನು, ಅಲ್ಲಿನ ಕೊಬ್ಬಿನ ಪದರ ಅದುಮಲ್ಪಡುವುದೇ ಕಾರಣವೆಂದು ಅನಂತರದ ಅಂಗರಚನಾಶಾಸ್ತ್ರಜ್ಞರು ತಿದ್ದಿದರು. ಇದರ ಲಕ್ಷಣವು ವಿಲಕ್ಷಣವಾದುದು: ಮೊದಲ ಕೆಲವು ಕಿಲೋಮೀಟರು ಏನೂ ಇಲ್ಲ, ಬಳಿಕ ಹೆಚ್ಚುಕಡಿಮೆ ಅದೇ ದೂರದಲ್ಲಿ ಚೂಪಾದ ನೋವು ಪ್ರತ್ಯಕ್ಷವಾಗಿ ಓಟವನ್ನು ನಿಲ್ಲಿಸಿಬಿಡುತ್ತದೆ; ಇಳಿಜಾರಿನಲ್ಲಿ ಅದು ಇನ್ನಷ್ಟು ಬೇಗ ಬರುತ್ತದೆ. ಮೂರನೆಯದು ಚಿಪ್ಪಿನ ಕೆಳತುದಿಯ ರಜ್ಜುವಿನ ನೋವು; ಇದು ಜಿಗಿಯುವ ಆಟಗಳಲ್ಲಿ ಹೆಚ್ಚಾದರೂ ವೇಗದ ಓಟಕ್ಕೆ ಅಭ್ಯಾಸ ಮಾಡುವವರನ್ನೂ ಬಿಡದು. ಇವುಗಳ ಜೊತೆಗೆ ಮೆನಿಸ್ಕಸಿನ ಸೀಳು, ಮಂಡಿಯ ಒಳಪಕ್ಕದ ನೀರುಚೀಲದ ಉರಿಯೂತ, ವಯಸ್ಸಾದವರ ಸಂಧಿವಾತ, ಬೆಳೆಯುವ ಬಾಲಕರಲ್ಲಿ ಕೆಳಗಾಲಿನ ಮೂಳೆಯ ನೆತ್ತಿಯಲ್ಲಿ ಏಳುವ ನೋವಿನ ಗಂಟು ಮುಂತಾದುವನ್ನೂ ಪರಿಗಣಿಸತಕ್ಕದ್ದು.

ನೋವು ಎಲ್ಲಿಂದ ಬರುತ್ತದೆಂಬ ಪ್ರಶ್ನೆಗೆ ಸಾನ್‌ಫ್ರಾನ್ಸಿಸ್ಕೋದ ಅಸ್ಥಿವೈದ್ಯ ಸ್ಕಾಟ್ ಡೈ ಎಂಬಾತನು ಮಾಡಿದ ಪರೀಕ್ಷೆಯು ವೈದ್ಯಕೀಯದ ಇತಿಹಾಸದಲ್ಲಿಯೇ ಅಪೂರ್ವವಾದುದು. ಕೀಲಿನೊಳಗೆ ಮರಗಟ್ಟಿಸುವ ಔಷಧವನ್ನು ತುಂಬದೆ, ತನ್ನ ಮಂಡಿಗಳೊಳಗೆ ಸಹೋದ್ಯೋಗಿಯೊಬ್ಬನಿಂದ ದರ್ಶಕನಳಿಕೆಯನ್ನು ತೂರಿಸಿಕೊಂಡು, ಎಚ್ಚರವಾಗಿದ್ದುಕೊಂಡೇ, ಒಂದೊಂದು ಭಾಗವನ್ನು ಸಲಾಕೆಯಿಂದ ಒತ್ತಿದಾಗ ತನಗೆ ಏನು ಅನುಭವವಾಯಿತೆಂಬುದನ್ನು ಆತನು ಗುರುತು ಮಾಡಿಸಿದನು. ಅದರ ವರದಿಯು 1998ರಲ್ಲಿ ಪ್ರಕಟವಾಯಿತು. ಯಾವ ಮೃದ್ವಸ್ಥಿಯ ಸವೆತವನ್ನು ಎಲ್ಲರೂ ನೋವಿನ ಮೂಲವೆಂದು ದೂರುತ್ತಿದ್ದರೋ ಆ ಚಿಪ್ಪಿನ ಮೃದ್ವಸ್ಥಿಯನ್ನು ಬಲವಾಗಿ ಒತ್ತಿದರೂ ನೋವಾಗಲಿಲ್ಲ. ಮುಂಭಾಗದ ಕೊಬ್ಬಿನ ಮೆತ್ತೆಯನ್ನೂ ಕೀಲಿನ ಒಳಪೊರೆಯನ್ನೂ ಮೆಲ್ಲನೆ ಮುಟ್ಟಿದರೂ ತಾಳಲಾರದ ವೇದನೆಯಾಯಿತು. ಮೃದ್ವಸ್ಥಿಯಲ್ಲಿ ನರಗಳಿಲ್ಲವೆಂಬ ಗ್ರಂಥವಾಕ್ಯಕ್ಕೆ ವೈದ್ಯನ ದೇಹವೇ ಸಾಕ್ಷಿಯಾಯಿತು. ಇದರಿಂದ ಡೈ ಕಂಡುಕೊಂಡ ತತ್ತ್ವವಾದರೂ ಸರಳ: ಪ್ರತಿಯೊಂದು ಮಂಡಿಗೂ ಆಯಾ ಕಾಲದಲ್ಲಿ ತಾಳಬಲ್ಲ ಹೊರೆಯ ಒಂದು ಎಲ್ಲೆಯುಂಟು, ಆ ಎಲ್ಲೆಯೊಳಗೆ ಎಷ್ಟು ದುಡಿದರೂ ಅದು ಶಾಂತವಾಗಿರುವುದು, ಎಲ್ಲೆಯನ್ನು ದಾಟಿಸಿದರೆ ಅದರ ಜೀವಂತ ಪೊರೆಗಳು ಕೆರಳುವುವು, ಕೆರಳಿದಮೇಲೆ ಎಲ್ಲೆಯೇ ಕುಗ್ಗಿ ನಿನ್ನೆ ಹಗುರವಾಗಿದ್ದ ಮೆಟ್ಟಿಲೂ ಇಂದು ಭಾರವಾಗುವುದು.

ಇನ್ನು ಸವೆತದ ಮಾತು. ಹಿರಿಯರ ತೀರ್ಪಿನ ಹಿಂದಿರುವುದು ಎತ್ತಿನ ಗಾಡಿಯ ಅಚ್ಚಿನ ಕಲ್ಪನೆ. ಗಾಲಿ ತಿರುಗಿದಷ್ಟೂ ಅಚ್ಚು ಸವೆಯುವುದು ಲೋಕಾನುಭವ. ಆದರೆ ಅಚ್ಚು ಜಡವಾದುದು, ಮಂಡಿ ಜೀವವುಳ್ಳದ್ದು. ರಕ್ತನಾಳಗಳಿಲ್ಲದ ಮೃದ್ವಸ್ಥಿಯು ತನ್ನ ಆಹಾರವನ್ನು ಕೀಲಿನ ದ್ರವದಿಂದ ಪಡೆಯುವುದು, ಭಾರ ಬಿದ್ದಾಗ ಅದುಮಿ ಬಿಟ್ಟಾಗ ಹೀರುವ ಕ್ರಮದಿಂದಲೇ ಆದಕಾರಣ, ಮಿತವಾದ ಹೊರೆಯು ಅದಕ್ಕೆ ಪೋಷಣೆಯಾಗುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 1984ರಿಂದ 2002ರವರೆಗೆ, ನಡುವಯಸ್ಸನ್ನು ದಾಟಿದ 45 ಮಂದಿ ದೂರದ ಓಟಗಾರರ ಮತ್ತು 53 ಮಂದಿ ಇತರರ ಮಂಡಿಗಳ ಕ್ಷಕಿರಣ ಚಿತ್ರಗಳನ್ನು ಮರಳಿ ಮರಳಿ ತೆಗೆದು ಹೋಲಿಸಿದಾಗ, ಕೊನೆಯಲ್ಲಿ ಸಂಧಿವಾತವು ಓಟಗಾರರಲ್ಲಿ ನೂರಕ್ಕೆ 20ರಷ್ಟು ಮಂದಿಗೂ ಇತರರಲ್ಲಿ 32ರಷ್ಟು ಮಂದಿಗೂ ಇದ್ದುದಾಗಿ ತಿಳಿದುಬಂತು. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸೊಂಟದ ಅಥವಾ ಮಂಡಿಯ ಸಂಧಿವಾತವು ಹವ್ಯಾಸಿ ಓಟಗಾರರಲ್ಲಿ ನೂರಕ್ಕೆ 3.5, ಓಡದೆ ಕುಳಿತಿರುವವರಲ್ಲಿ 10.2, ವೃತ್ತಿಪರ ಸ್ಪರ್ಧಾಳುಗಳಲ್ಲಿ 13.3 ಎಂದು ಕಂಡಿತು. ಮಂಡಿ ಚೆನ್ನಾಗಿರುವವರೇ ಓಟವನ್ನು ಮುಂದುವರಿಸುವರಾದ್ದರಿಂದ ಈ ಅಂಕಿಗಳು ಓಟದ ಪುಣ್ಯವನ್ನು ತುಸು ಹೆಚ್ಚಿಸಿ ತೋರಿಸುತ್ತಿರಬಹುದು. ಆದರೂ ಮಿತವಾಗಿ ಓಡುವವರ ಮಂಡಿ ಕುಳಿತವರ ಮಂಡಿಗಿಂತ ಬೇಗ ಹಾಳಾಗುವುದೆಂಬ ವಾದಕ್ಕೆ ಇಲ್ಲಿ ಆಧಾರವೇ ಇಲ್ಲ. ಪ್ರತಿ ಹೆಜ್ಜೆಗೂ ಹೆಚ್ಚು ಹೊರೆ ಬೀಳುವ ಓಟದಲ್ಲಿ ಇದು ಹೇಗೆ ಸಾಧ್ಯವೆಂದರೆ, ಓಟದ ಹೆಜ್ಜೆ ಉದ್ದವಾದುದು, ಕಾಲು ನೆಲವನ್ನು ಮುಟ್ಟಿರುವ ಹೊತ್ತು ಕಿರಿದಾದುದು. ಆದಕಾರಣ ಒಂದು ಕಿಲೋಮೀಟರು ಓಡಿದರೆ ಮಂಡಿಯು ಹೊರುವ ಒಟ್ಟು ಹೊರೆಯು ಅಷ್ಟೇ ದೂರ ನಡೆದಾಗ ಹೊರುವ ಹೊರೆಗಿಂತ ಬಹಳ ಬೇರೆಯಾಗಿರುವುದಿಲ್ಲವೆಂದು 2014ರ ಒಂದು ಗಣನೆ ತೋರಿಸಿದೆ. ಮಂಡಿಯ ಸಂಧಿವಾತಕ್ಕೆ ನಿಜವಾದ ದಾರಿಗಳು ಸ್ಥೂಲಕಾಯ, ಹಿಂದೆ ಆದ ಅಸ್ಥಿರಜ್ಜುವಿನ ಅಥವಾ ಮೆನಿಸ್ಕಸಿನ ಗಾಯ, ವಂಶಗುಣ ಮತ್ತು ವಯಸ್ಸು.

ಸವೆತವು ಕಾರಣವಲ್ಲವಾದರೆ ನೋವಿಗೆ ಕಾರಣವೇನು? ಬಹುಪಾಲು ಪ್ರಸಂಗಗಳಲ್ಲಿ ಉತ್ತರವು ಓಟಗಾರನ ದಿನಚರಿಯಲ್ಲಿಯೇ ಇರುತ್ತದೆ. ಹೊಸದಾಗಿ ಓಡತೊಡಗಿದವನಿಗೆ ಕೆಲವೇ ವಾರಗಳಲ್ಲಿ ಉಸಿರು ಹಿಡಿತಕ್ಕೆ ಬರುವುದು, ಹೃದಯ ಬಲಗೊಳ್ಳುವುದು. ರಜ್ಜುಗಳೂ ಮೂಳೆಗಳೂ ಅದಕ್ಕೆ ಸರಿಸಮವಾಗಿ ಗಟ್ಟಿಯಾಗಲು ತಿಂಗಳುಗಳೇ ಬೇಕು. ಈ ಅಂತರದಲ್ಲಿಯೇ ಅಪಾಯವಿದೆ: ಉಸಿರು "ಇನ್ನೂ ಓಡು" ಎನ್ನುವಾಗ ಮಂಡಿಗೆ ಇನ್ನೂ ಸಿದ್ಧತೆಯಾಗಿರುವುದಿಲ್ಲ. ನಗರದ ಓಟದ ದಿನಾಂಕ ಹತ್ತಿರವಾಯಿತೆಂದು ದೂರವನ್ನು ಇಮ್ಮಡಿ ಮಾಡುವುದು, ವಾರವೆಲ್ಲ ಮೇಜಿನ ಮುಂದೆ ಕುಳಿತು ಭಾನುವಾರ ಮಾತ್ರ ದೂರ ಓಡುವುದು, ಸಮತಲವನ್ನು ಬಿಟ್ಟು ಒಮ್ಮೆಲೇ ನಂದಿಬೆಟ್ಟದಂಥ ಇಳಿಜಾರಿಗೆ ಹೋಗುವುದು, ದೂರವನ್ನೂ ವೇಗವನ್ನೂ ಏಕಕಾಲದಲ್ಲಿ ಏರಿಸುವುದು, ನಿದ್ರೆಗೆಟ್ಟ ದಿನಗಳಲ್ಲಿಯೂ ಪಟ್ಟಿಯಲ್ಲಿರುವ ದೂರವನ್ನು ತೀರಿಸಲೇಬೇಕೆಂಬ ಹಟ, ಇವೇ ನೋವಿನ ಸಾಮಾನ್ಯ ಪೂರ್ವರಂಗ. ಆದರೆ ಹೊರೆಯ ಏರಿಕೆಗೆ ಎಲ್ಲರಿಗೂ ಒಪ್ಪುವ ಒಂದು ಸೂತ್ರವನ್ನು ಕೊಡುವುದು ಸುಲಭವಲ್ಲ. ವಾರಕ್ಕೆ ನೂರಕ್ಕೆ ಹತ್ತಕ್ಕಿಂತ ಹೆಚ್ಚಿಸಬಾರದೆಂಬ ಪ್ರಸಿದ್ಧ ನಿಯಮವನ್ನು ನೆದರ್ಲೆಂಡಿನ ಗ್ರೋನಿಂಗನ್ನಿನಲ್ಲಿ 532 ಹೊಸ ಓಟಗಾರರ ಮೇಲೆ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದಾಗ, ಆ ನಿಯಮದಂತೆ 13 ವಾರ ನಿಧಾನವಾಗಿ ಏರಿಸಿದವರಲ್ಲಿಯೂ 8 ವಾರಗಳಲ್ಲಿ ಏರಿಸಿದವರಲ್ಲಿಯೂ ಗಾಯಗೊಂಡವರು ಐವರಲ್ಲಿ ಒಬ್ಬರಂತೆ ಹೆಚ್ಚುಕಡಿಮೆ ಸಮಾನರಾಗಿದ್ದರು. ಅಂಕಿಯ ಸೂತ್ರ ಸೋತರೂ ಕ್ರಮವಾಗಿ ಏರಿಸಬೇಕೆಂಬ ವಿವೇಕ ಸೋಲಲಿಲ್ಲ. ಏರಿಕೆಯ ಅಳತೆಯನ್ನು ಪಂಚಾಂಗದಿಂದಲ್ಲದೆ ತನ್ನ ಮಂಡಿಯಿಂದಲೇ ಕೇಳಿ ತಿಳಿಯಬೇಕೆಂಬುದು ಅದರ ತಾತ್ಪರ್ಯ.

ಪಾದರಕ್ಷೆಯ ವಿಷಯದಲ್ಲಿ ನಡೆದಷ್ಟು ವಾದ, ಆದಷ್ಟು ವೆಚ್ಚ ಬೇರಾವುದರಲ್ಲಿಯೂ ಇಲ್ಲ. ಪಾದವು ಒಳಕ್ಕೆ ಹೊರಳುವುದೇ ಮಂಡಿನೋವಿಗೆ ಮೂಲವೆಂದು ನಂಬಿ, ಪಾದದ ಕಮಾನನ್ನು ಅಳೆದು ಅದಕ್ಕೆ ತಕ್ಕ ಶೂ ಕೊಡುವ ಪದ್ಧತಿ ಅಂಗಡಿಗಳಲ್ಲಿ ದಶಕಗಳ ಕಾಲ ನಡೆಯಿತು. ಅಮೆರಿಕದ ಸೈನ್ಯದ ಹೊಸಬರಲ್ಲಿ ಹಾಗೆ ಅಳೆದು ಕೊಟ್ಟವರಿಗೂ ಎಲ್ಲರಿಗೂ ಒಂದೇ ಬಗೆಯ ಶೂ ಕೊಟ್ಟವರಿಗೂ ಗಾಯಗಳಲ್ಲಿ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ. ಅನಂತರ ಗಾಳಿ ವಿರುದ್ಧ ದಿಕ್ಕಿಗೆ ಬೀಸಿತು. ಮೆಕ್ಸಿಕೋದ ತರಾಹುಮಾರ ಜನರ ಓಟವನ್ನು ವರ್ಣಿಸಿದ ಕ್ರಿಸ್ಟೋಫರ್ ಮೆಕ್‌ಡೂಗಲನ 2009ರ ಗ್ರಂಥವೂ, ಬರಿಗಾಲಿನವರು ಹಿಮ್ಮಡಿಯನ್ನು ಮೊದಲೂರದೆ ಮುಂಗಾಲಿನ ಮೇಲೆ ಇಳಿಯುವರೆಂದು ತೋರಿಸಿದ ಹಾರ್ವರ್ಡಿನ ಡೇನಿಯಲ್ ಲೀಬರ್ಮನ್ನನ 2010ರ ಪ್ರಬಂಧವೂ ಅನೇಕರಿಗೆ ಶೂಗಳನ್ನೇ ತೊರೆಯುವ ಉತ್ಸಾಹವನ್ನು ಹುಟ್ಟಿಸಿದುವು. ಮುಂಗಾಲಿನ ಓಟವು ಮಂಡಿಯ ಹೊರೆಯನ್ನು ಇಳಿಸುವುದು ನಿಜ. ಆದರೆ ಹೊರೆ ಮಾಯವಾಗುವುದಿಲ್ಲ, ಮೀನಖಂಡಕ್ಕೂ ಹಿಮ್ಮಡಿಯ ರಜ್ಜುವಿಗೂ ವರ್ಗವಾಗುವುದು. ಅವಸರದಿಂದ ಬದಲಾಯಿಸಿದವರಲ್ಲಿ ಅನೇಕರು ಮಂಡಿನೋವನ್ನು ಕೊಟ್ಟು ಪಾದನೋವನ್ನು ಕೊಂಡರು. ಹಾಕಿಕೊಂಡು ಓಡಿದಾಗ ಹಿತವೆನಿಸುವುದೇ ತಕ್ಕ ಶೂ ಎಂಬ ಸಾಮಾನ್ಯ ವಿವೇಕಕ್ಕೆ ಈಗ ತಜ್ಞರೂ ಬಂದು ನಿಂತಿದ್ದಾರೆ.

ಶೂಗಿಂತ ಹೆಜ್ಜೆಯ ಅಳತೆಯು ಹೆಚ್ಚು ಫಲಕೊಡುವಂಥದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೈಡರ್‌ಶೈಟನೂ ಸಂಗಡಿಗರೂ 2011ರಲ್ಲಿ ತೋರಿಸಿದಂತೆ, ವೇಗವನ್ನು ಬದಲಿಸದೆ ನಿಮಿಷಕ್ಕೆ ಇಡುವ ಹೆಜ್ಜೆಗಳ ಸಂಖ್ಯೆಯನ್ನು ನೂರಕ್ಕೆ ಐದರಿಂದ ಹತ್ತರಷ್ಟು ಹೆಚ್ಚಿಸಿದರೆ, ಹೆಜ್ಜೆ ಗಿಡ್ಡವಾಗಿ, ಕಾಲು ದೇಹಕ್ಕೆ ಹತ್ತಿರದಲ್ಲಿ ಊರಿ, ಮಂಡಿಯ ಮೇಲಿನ ಹೊರೆ ಸ್ಪಷ್ಟವಾಗಿ ಇಳಿಯುತ್ತದೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಜ್ಯಾಕ್ ಡೇನಿಯಲ್ಸ್ ಎಂಬ ತರಬೇತುದಾರನು ಎಣಿಸಿದಾಗ ದೂರದ ಓಟಗಾರರು ಬಹುತೇಕ ನಿಮಿಷಕ್ಕೆ 180 ಅಥವಾ ಅದಕ್ಕೂ ಹೆಚ್ಚು ಹೆಜ್ಜೆಗಳನ್ನಿಡುತ್ತಿದ್ದರೆಂಬುದರಿಂದ ಆ ಸಂಖ್ಯೆಯೇ ಒಂದು ಮಂತ್ರವಾಯಿತು. ಆದರೆ ಒಲಿಂಪಿಕ್ಸಿನ ವೇಗಕ್ಕೆ ಹೊಂದುವ ಹೆಜ್ಜೆಯನ್ನು ಉದ್ಯಾನದ ಮೆಲ್ಲೋಟಕ್ಕೆ ತೊಡಿಸಬೇಕಾಗಿಲ್ಲ. 160 ಹೆಜ್ಜೆಗಳವನು 170ಕ್ಕೆ ಬಂದರೆ ಸಾಕು.

ಸ್ನಾಯುಬಲದ ವಿಷಯದಲ್ಲಿ ತಜ್ಞರೊಳಗೆ ಹೆಚ್ಚಿನ ಒಮ್ಮತವಿದೆ. ತೊಡೆಯ ಮುಂಭಾಗದ ಸ್ನಾಯುವನ್ನು ಮಾತ್ರವಲ್ಲದೆ, ಕಾಲನ್ನು ಪಕ್ಕಕ್ಕೆತ್ತುವ, ಮಂಡಿಯು ಒಳಕ್ಕೆ ಕುಸಿಯದಂತೆ ತಡೆಯುವ ನಿತಂಬದ ಸ್ನಾಯುಗಳನ್ನೂ ಬಲಪಡಿಸುವ ವ್ಯಾಯಾಮವು ಚಿಪ್ಪಿನ ನೋವಿಗೆ ಮೊದಲ ಚಿಕಿತ್ಸೆಯೆಂದು ಪರಿಗಣಿಸಲ್ಪಟ್ಟಿದೆ. ನಮ್ಮ ಗರಡಿಮನೆಗಳ ಬಸ್ಕಿಯನ್ನೇ ನೋವು ಬಾರದ ಆಳಕ್ಕೆ ಮಿತಿಗೊಳಿಸಿ ಮಾಡಿದರೂ, ಒಂದು ಕಾಲಿನಿಂದ ಮೆಟ್ಟಿಲು ಹತ್ತಿಳಿದರೂ, ಮಗ್ಗುಲಾಗಿ ಮಲಗಿ ಕಾಲೆತ್ತಿದರೂ ಉಪಕರಣಗಳ ಹಂಗಿಲ್ಲದೆ ಈ ಕಾರ್ಯ ನಡೆಯುವುದು. ಫಲ ಕಾಣಲು ಆರು ವಾರದಿಂದ ಮೂರು ತಿಂಗಳವರೆಗೆ ತಾಳ್ಮೆ ಬೇಕು. ಇದಕ್ಕಿಂತಲೂ ಬೋಧಪ್ರದವಾದುದು ಕೆನಡಾದ ಕ್ವಿಬೆಕ್ಕಿನಲ್ಲಿ ಎಸ್ಕೂಲಿಯೇ ಎಂಬಾತನೂ ಸಂಗಡಿಗರೂ ಚಿಪ್ಪಿನ ನೋವಿದ್ದ 69 ಓಟಗಾರರ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗ. ಒಂದು ಗುಂಪಿಗೆ ಓಟದ ಹೊರೆಯನ್ನು ಹೊಂದಿಸಿಕೊಳ್ಳುವ ತಿಳಿವಳಿಕೆಯನ್ನು ಮಾತ್ರ ಕೊಡಲಾಯಿತು. ಎರಡನೆಯದಕ್ಕೆ ಅದರೊಡನೆ ವ್ಯಾಯಾಮವನ್ನೂ, ಮೂರನೆಯದಕ್ಕೆ ಹೆಜ್ಜೆಯ ತಿದ್ದುಪಡಿಯನ್ನೂ ಸೇರಿಸಲಾಯಿತು. ಮೂರು ಗುಂಪುಗಳೂ ಸಮಾನವಾಗಿ ಸುಧಾರಿಸಿದುವು. ಆ ತಿಳಿವಳಿಕೆಯ ಸಾರ ಇಷ್ಟು: ಓಟವನ್ನು ಪೂರ್ತಿಯಾಗಿ ಬಿಡಬೇಡಿ; ಒಮ್ಮೆಗೆ ಓಡುವ ದೂರವನ್ನೂ ವೇಗವನ್ನೂ ಇಳಿಸಿ, ಬೇಕಾದರೆ ದಿನಗಳನ್ನು ಹೆಚ್ಚಿಸಿ; ಇಳಿಜಾರನ್ನೂ ಮೆಟ್ಟಿಲನ್ನೂ ಕೆಲಕಾಲ ದೂರವಿಡಿ; ಹತ್ತರ ಅಳತೆಯಲ್ಲಿ ನೋವು ಎರಡನ್ನು ಮೀರದಿರಲಿ, ಓಟ ಮುಗಿದ ಒಂದು ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿಯಲಿ; ಹಾಗಾದರೆ ಆ ದಿನದ ಹೊರೆ ತಕ್ಕಷ್ಟಿತ್ತೆಂದು ತಿಳಿದು ಮುಂದಕ್ಕೆ ಹೆಜ್ಜೆಯಿಡಿ.

ಇನ್ನುಳಿದ ಉಪಾಯಗಳನ್ನು ಸಂಕ್ಷೇಪವಾಗಿ ನೋಡಿ ಮುಗಿಸಬಹುದು. ಓಟಕ್ಕೆ ಮುಂಚೆ ಸ್ನಾಯುಗಳನ್ನು ಎಳೆದು ಹಿಡಿಯುವುದರಿಂದ ಗಾಯ ತಪ್ಪುವುದೆಂಬ ನಂಬಿಕೆಯು ಆಸ್ಟ್ರೇಲಿಯದ ಸೈನ್ಯದ 1538 ಹೊಸಬರ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಿಲ್ಲಲಿಲ್ಲ. ಮೊದಲ ಹತ್ತು ನಿಮಿಷ ಮೆಲ್ಲನೆ ನಡೆದು ಓಡುವುದು ಅದಕ್ಕಿಂತ ಲೇಸು. ವಿಶ್ರಾಂತಿ ಮತ್ತು ಮಂಜುಗಡ್ಡೆಯ ಸೂತ್ರವನ್ನು 1978ರಲ್ಲಿ ಪ್ರಚಾರಕ್ಕೆ ತಂದ ಗೇಬ್ ಮರ್ಕಿನ್ ಎಂಬ ವೈದ್ಯನೇ ಮುಂದೆ, ಮಂಜುಗಡ್ಡೆಯು ಗುಣವಾಗುವುದನ್ನು ತಡಮಾಡಬಹುದೆಂದು ತಿದ್ದಿಕೊಂಡನು. ಗ್ಲೂಕೋಸಮೀನ್ ಗುಳಿಗೆಗಳು 2006ರ ದೊಡ್ಡ ಪ್ರಯೋಗದಲ್ಲಿ ಒಟ್ಟಾರೆ ಹುಸಿಗುಳಿಗೆಗಿಂತ ಮೇಲಾಗಿ ಕಾಣಲಿಲ್ಲ. ನೋವು ಮರೆಸುವ ಮಾತ್ರೆಯನ್ನು ನುಂಗಿ ದೂರ ಓಡುವುದಂತೂ ಎಚ್ಚರಿಸುವವನ ಬಾಯಿ ಕಟ್ಟಿದಂತಾಗುವುದಲ್ಲದೆ, ಬೆವರಿ ಬತ್ತಿದ ದೇಹದಲ್ಲಿ ಮೂತ್ರಪಿಂಡಗಳಿಗೂ ಅಪಾಯಕರ. ಮತ್ತೆ ಮತ್ತೆ ಕೀಲಿನೊಳಗೆ ಸ್ಟಿರಾಯ್ಡ್ ಚುಚ್ಚಿಸಿಕೊಂಡ ಸಂಧಿವಾತದ ರೋಗಿಗಳಲ್ಲಿ ಮೃದ್ವಸ್ಥಿಯು ಹೆಚ್ಚು ನಷ್ಟವಾಯಿತೆಂದು 2017ರ ಪ್ರಯೋಗವೊಂದು ಹೇಳುತ್ತದೆ.

ಎಂ.ಆರ್.ಐ. ಚಿತ್ರದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಫ್ರೇಮಿಂಗ್‌ಹ್ಯಾಮ್ ಪಟ್ಟಣದ ನಿವಾಸಿಗಳನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮೆನಿಸ್ಕಸ್ ಹರಿದಿದ್ದವರಲ್ಲಿ ನೂರಕ್ಕೆ 61 ಮಂದಿಗೆ ಹಿಂದಿನ ತಿಂಗಳಲ್ಲಿ ನೋವಾಗಲಿ ಬಿಗಿತವಾಗಲಿ ಇರಲೇ ಇಲ್ಲ. ಅಂದಮೇಲೆ ಚಿತ್ರದಲ್ಲಿ ಸೀಳು ಕಂಡಮಾತ್ರಕ್ಕೆ ನೋವಿನ ಅಪರಾಧಿ ಸಿಕ್ಕನೆಂದು ಹೇಳುವಂತಿಲ್ಲ. ಫಿನ್ಲೆಂಡಿನಲ್ಲಿ ವಯಸ್ಸಿನಿಂದ ಮೆನಿಸ್ಕಸ್ ಹರಿದ 146 ಮಂದಿಯಲ್ಲಿ ಕೆಲವರಿಗೆ ನಿಜವಾದ ಶಸ್ತ್ರಚಿಕಿತ್ಸೆಯನ್ನೂ ಕೆಲವರಿಗೆ ಅದರ ಅಭಿನಯವನ್ನೂ ಮಾಡಿ 2013ರಲ್ಲಿ ಹೋಲಿಸಿದಾಗ, ವರ್ಷದ ಕೊನೆಗೆ ಎರಡು ಗುಂಪುಗಳೂ ಸರಿಸಮನಾಗಿದ್ದುವು. ಇದರ ಅರ್ಥ ವೈದ್ಯನ ಬಳಿಗೆ ಹೋಗಬಾರದೆಂದಲ್ಲ. ಬಿದ್ದು ಮಂಡಿ ತಿರುಚಿ ಕೆಲವು ಗಂಟೆಗಳಲ್ಲೇ ಊದಿಕೊಂಡರೆ, ಬಾಗಿದ ಮಂಡಿ ನೆಟ್ಟಗಾಗದೆ ಸಿಕ್ಕಿಕೊಂಡರೆ, ಕಾಲು ಭಾರ ಹೊರದೆ ಕುಸಿದರೆ, ಕೀಲು ಕೆಂಪಾಗಿ ಬಿಸಿಯೇರಿ ಜ್ವರ ಬಂದರೆ, ರಾತ್ರಿ ವಿಶ್ರಾಂತಿಯಲ್ಲಿಯೂ ನೋವು ಎಬ್ಬಿಸಿದರೆ, ಮೂಳೆಯ ಒಂದೇ ಬಿಂದುವಿನಲ್ಲಿ ಒತ್ತಿದಾಗ ತೀವ್ರವಾಗಿ ನೊಂದರೆ ತಡಮಾಡದೆ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಈ ಗುರುತುಗಳಾವುವೂ ಇಲ್ಲದ ನೋವೂ ಹೊರೆಯನ್ನಿಳಿಸಿ ಆರು ವಾರ ಕಳೆದರೂ ಬಗ್ಗದಿದ್ದಲ್ಲಿ ತಜ್ಞರ ಸಲಹೆ ಅವಶ್ಯ.

ಹೀಗೆ ನೋಡಿದಾಗ ಮನೆಯ ಹಿರಿಯರ ತೀರ್ಪಿನಲ್ಲಿ ಕಾರಣವು ತಪ್ಪಾದರೂ ಅತಿಯಾಗಬಾರದೆಂಬ ಆಶಯವು ಸರಿಯಾಗಿದೆಯೆಂದು ಒಪ್ಪಬೇಕಾಗುತ್ತದೆ. ನೋವು ಬಂದೊಡನೆ ಓಟವನ್ನು ಶಾಶ್ವತವಾಗಿ ಬಿಟ್ಟು ಕುಳಿತವನ ಸ್ನಾಯುಗಳು ಸೊರಗಿ, ಹೊರೆ ತಾಳುವ ಎಲ್ಲೆ ಕುಗ್ಗಿ, ನಾಳೆ ಬಸ್ಸು ಹಿಡಿಯಲು ನಾಲ್ಕು ಹೆಜ್ಜೆ ಓಡಿದರೂ ನೋಯುವ ಸ್ಥಿತಿಗೆ ಅವನು ಬರುವನು. ನೋವನ್ನು ಲೆಕ್ಕಿಸದೆ ಹಲ್ಲುಕಚ್ಚಿ ಓಡಿದವನೂ ಬೇರೊಂದು ದಾರಿಯಿಂದ ಅದೇ ಸ್ಥಿತಿಗೆ ಬರುವನು. ಶೂ, ಗುಳಿಗೆ, ಚಿತ್ರ ಮುಂತಾದ ಕೊಳ್ಳಬಹುದಾದ ಉಪಾಯಗಳು ಪರೀಕ್ಷೆಯಲ್ಲಿ ಒಂದೊಂದಾಗಿ ಹಿಂದೆ ಸರಿದಿರಲು, ಹಣ ಬೇಡದ ಮೂರು ಉಪಾಯಗಳು ನಿಂತಿವೆ: ನೋವಿನ ಅಳತೆಯನ್ನು ನೋಡಿ ಹೊರೆಯನ್ನು ಏರಿಸುವುದು ಇಳಿಸುವುದು, ಹೆಜ್ಜೆಯನ್ನು ಗಿಡ್ಡಮಾಡುವುದು, ತೊಡೆ ನಿತಂಬಗಳನ್ನು ಬಲಪಡಿಸುವುದು. ಬೇಗ ಫಲ ಕೊಡುವ ಆಸೆಯನ್ನು ಇವು ಮೂರೂ ತೋರಿಸುವುದಿಲ್ಲವಾದಕಾರಣ ಜನಪ್ರಿಯವಾಗಿಲ್ಲ. ಆದರೆ ಯಾರೊಡನೆಯೂ ಪೈಪೋಟಿ ಇಲ್ಲದೆ, ಅರವತ್ತರ ಬಳಿಕವೂ ಓಡಬೇಕೆಂಬ ಬಯಕೆಯಿಂದ ಹೊರಟ ಹವ್ಯಾಸಿಗೆ ಮೂರು ತಿಂಗಳು ಕಾಯುವುದು ದೊಡ್ಡ ನಷ್ಟವೇನೂ ಅಲ್ಲ. ಅವಸರಪಡಲು ಕಾರಣವೇ ಇಲ್ಲದಿರುವುದು ಸ್ಪರ್ಧಾಳುವಿಗೆ ಇಲ್ಲದೆ ಅವನಿಗೆ ಮಾತ್ರ ಇರುವ ಸೌಕರ್ಯ.